ಟೆನಾರ್ ಅನ್ನೋ ಹೆಸರು, ನಮ್ಮ ನಂಬರು

ಈ ಸಲ ನಾವು ಬರೀತಿರೋದು ಒಬ್ಬ ಫ್ಯಾಂಟಸಿ ಕಾದಂಬರಿಗಾರ್ತಿ ಬಗ್ಗೆ, ಮತ್ತು ಅವರ ತಲೆಯಿಂದ ಎಷ್ಟು ವರ್ಷ ಆದ್ರೂ ಇಳಿಯದ ಒಬ್ಬ ನಾಯಕಿ ಬಗ್ಗೆ. ಲೇಖಕಿ ಅಮೆರಿಕದ ಉರ್ಸುಲಾ ಲೆ ಗ್ವಿನ್. ನಾಯಕಿ ಟೆನಾರ್. ನಾವು ಅಂದ್ರೆ ಸೆಕೆಂಡ್ ಇಯರ್‌ನ ಮೂರು ಜನ ರೂಮ್‌ಮೇಟ್ಸ್: ಒಬ್ಬಳು ಇ.ಸಿ., ಒಬ್ಬಳು ಸಿವಿಲ್, ಒಬ್ಬಳು ಸಿ.ಎಸ್. ಮೂವರೂ ಸರದಿ ಪ್ರಕಾರ ಅವೇ ಪುಸ್ತಕಗಳನ್ನ ಓದಿ, ಓದಿದ ಮೇಲೆ ಮೂರು ದಿನ ಜಗಳ ಆಡಿದ್ದರಿಂದ ಈ ಲೇಖನದಲ್ಲಿ 'ನಾನು' ಇಲ್ಲ, 'ನಾವು' ಮಾತ್ರ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕಾಗುಣಿತ ಎಲ್ಲಾದ್ರೂ ಕೈಕೊಟ್ಟಿದ್ರೆ ಎಡಿಟರ್‌ನ ಹಿಡ್ಕೊಳ್ಳಿ, ನಮ್ಮನ್ನಲ್ಲ.

ಹ್ಯಾರಿ ಪಾಟರ್ ಓದಿಯೋ ನೋಡಿಯೋ ಬೆಳೆದವರು ನಾವೆಲ್ಲ. ಅದರ ಮೊದಲ ಪುಸ್ತಕ ಬಂದಿದ್ದು 1997ರಲ್ಲಿ. ಮಾಂತ್ರಿಕರಾಗೋಕೆ ಹುಡುಗರು ಒಂದು ಶಾಲೆಗೆ ಹೋಗ್ತಾರೆ ಅನ್ನೋ ಕಥೆಯನ್ನ ಲೆ ಗ್ವಿನ್ 1968ರಲ್ಲೇ ಬರೆದಿದ್ದರು, 'ಎ ವಿಜರ್ಡ್ ಆಫ್ ಅರ್ಥ್‌ಸೀ' ಅಂತ. ಒಬ್ಬ ಪ್ರಕಾಶಕರು ಹದಿಹರೆಯದವರಿಗೆ ಒಂದು ಪುಸ್ತಕ ಬರೆದುಕೊಡಿ ಅಂದಿದ್ದರಂತೆ. ಕಥೆಗಳಲ್ಲಿ ಮಾಂತ್ರಿಕ ಅಂದ್ರೆ ಯಾವಾಗಲೂ ಬಿಳಿಗಡ್ಡದ ಮುದುಕ. ಅವನು ಹುಡುಗನಾಗಿದ್ದಾಗ ಹೇಗಿದ್ದ, ಆ ವಿದ್ಯೆ ಎಲ್ಲಿ ಕಲಿತ, ಅನ್ನೋ ಪ್ರಶ್ನೆಯಿಂದ ಗೆಡ್ ಅನ್ನೋ ಹುಡುಗ ಹುಟ್ಟಿದ. ಮೊದಲು ದ್ವೀಪಗಳ ಮ್ಯಾಪ್ ಬರೆದುಕೊಂಡು ಆಮೇಲೆ ಕಥೆ ಬರೆದರು. ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ. ಆ ಹೆಸರು ಗೊತ್ತಿದ್ದವರಿಗೆ ಅದರ ಮೇಲೆ ಹಿಡಿತ ಸಿಗುತ್ತೆ. ಹಾಗಾಗಿ ಜನ ತಮ್ಮ ನಿಜ ಹೆಸರನ್ನ ನಾವು ಪಾಸ್‌ವರ್ಡ್ ಕಾಪಾಡಿದ ಹಾಗೆ ಕಾಪಾಡ್ತಾರೆ, ತುಂಬಾ ನಂಬಿದವರಿಗೆ ಮಾತ್ರ ಹೇಳ್ತಾರೆ.

ಒಂದೇ ಸಮಸ್ಯೆ. ರೋಕ್ ದ್ವೀಪದ ಆ ಶಾಲೆಯಲ್ಲಿ ಹುಡುಗಿಯರಿಗೆ ಅಡ್ಮಿಷನ್ನೇ ಇಲ್ಲ. ಕಲಿಸೋರೂ ಗಂಡಸರು, ಕಲಿಯೋರೂ ಗಂಡಸರು. ಹೆಂಗಸರ ಮಂತ್ರಕ್ಕೆ ಬಲವಿಲ್ಲ, ಅದು ಒಳ್ಳೇದೂ ಅಲ್ಲ ಅನ್ನೋ ಅರ್ಥದ ಗಾದೆಗಳು ಬೇರೆ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನಲ್ಲಾದ್ರೂ ನಾಲ್ಕು ಹುಡುಗಿಯರಿದ್ದಾರೆ! ಇದನ್ನ ಬರೆದವರು ಒಬ್ಬ ಹೆಂಗಸು, ಆಗ ಮೂರು ಮಕ್ಕಳ ತಾಯಿ. ಬೇಕಂತ ಮಾಡಿದ್ದಲ್ಲ. ವೀರರ ಕಥೆಗಳು ಸಾವಿರಾರು ವರ್ಷದಿಂದ ಹಾಗೇ ಇದ್ದವು, ಅವರೂ ಹಾಗೇ ಬರೆದರು. ಇದನ್ನ ಆಮೇಲೆ ಅವರೇ ಹೇಳಿಕೊಂಡಿದ್ದಾರೆ.

ಟೆನಾರ್ ಬರೋದು ಎರಡನೇ ಪುಸ್ತಕದಲ್ಲಿ. 1971ರ 'ದ ಟೂಂಬ್ಸ್ ಆಫ್ ಅಟುವಾನ್'. ಲೆ ಗ್ವಿನ್ ಇದ್ದ ಒರೆಗಾನ್ ರಾಜ್ಯದ ಪೂರ್ವಕ್ಕೆ ಮರವಿಲ್ಲದ ಒಣ ಬಯಲು ಇದೆ. ಅಲ್ಲಿಗೆ ಕುಟುಂಬದ ಜೊತೆ ಒಂದು ಚಿಕ್ಕ ಪ್ರವಾಸ ಹೋಗಿಬಂದದ್ದೇ ಈ ಕಾದಂಬರಿಗೆ ಬೀಜ. ಕಥೆಯಲ್ಲಿ ಅಂಥದ್ದೇ ಬಯಲಿನ ಮಧ್ಯ ಒಂದು ಹಳೇ ಗುಡಿ, ಅದರ ಕೆಳಗೆ ಕತ್ತಲಿನ ಚಕ್ರವ್ಯೂಹ. ಐದು ವರ್ಷದ ಟೆನಾರ್‌ಳನ್ನ ಅಪ್ಪ ಅಮ್ಮನಿಂದ ಬಿಡಿಸಿ ತಂದು, ಅಲ್ಲಿನ ಮುಖ್ಯ ಅರ್ಚಕಿ ಮಾಡ್ತಾರೆ. ಸತ್ತುಹೋದ ಅರ್ಚಕಿಯೇ ಮತ್ತೆ ಹುಟ್ಟಿ ಬಂದಿದ್ದಾಳೆ ಅಂತ ಅವರ ನಂಬಿಕೆ. ಹೆಸರು ಕಿತ್ತುಕೊಳ್ತಾರೆ. ಆಮೇಲೆ ಅವಳನ್ನ ಕರೆಯೋದು 'ಅರ್ಹಾ' ಅಂತ. ಅವರ ಭಾಷೆಯಲ್ಲಿ ಅದರ ಅರ್ಥ, ನುಂಗಲ್ಪಟ್ಟವಳು.

ಕನ್ನಡ ಬಲ್ಲ ಓದುಗರಿಗೆ ಮಾತ್ರ ಚುಚ್ಚೋ ವಿಷಯ ಇದು. ನಮಗೆ 'ಅರ್ಹ' ಅಂದ್ರೆ ಯೋಗ್ಯ, ಎಲಿಜಿಬಲ್. ಲೆ ಗ್ವಿನ್‌ಗೆ ಕನ್ನಡ ಬರ್ತಿರಲಿಲ್ಲ, ಇದು ಬರೀ ಕಾಕತಾಳೀಯ. ಆದ್ರೂ ಓದುವಾಗ ನಮ್ಮ ಸಿವಿಲ್ ಹುಡುಗಿ ಪುಸ್ತಕ ಮುಚ್ಚಿಟ್ಟು, "ಪ್ಲೇಸ್‌ಮೆಂಟ್ ನೋಟಿಸ್‌ನಲ್ಲಿ ಅರ್ಹ ವಿದ್ಯಾರ್ಥಿಗಳು ಅಂತ ಹಾಕ್ತಾರಲ್ಲ, ಅದೇ ಕಣ್ರೇ ಇದು" ಅಂದ್ಲು. ನಗು ಬಂತು, ಆಮೇಲೆ ಯಾರೂ ಮಾತಾಡಲಿಲ್ಲ. ಯಾಕಂದ್ರೆ ಮೊದಲ ದಿನದಿಂದ ನಮ್ಮನ್ನ ಕರೀತಿರೋದು ಯು.ಎಸ್.ಎನ್. ಕೊನೆಯ ಮೂರು ಅಂಕಿಯಿಂದ. ವೈವಾಕ್ಕೆ "ನೆಕ್ಸ್ಟ್, ಸೆವೆಂಟಿ ಟೂ". ಹೆಸರು ನೆನಪಿಡೋ ಮೇಡಂ ಇಡೀ ಡಿಪಾರ್ಟ್‌ಮೆಂಟಿಗೆ ಒಬ್ಬರು ಸಿಕ್ಕರೆ ಪುಣ್ಯ. ಅಟುವಾನ್‌ನಲ್ಲೂ ಅರ್ಹಾಗೆ ಯಾರೂ ಹೊಡೆಯಲ್ಲ. ಊಟ, ಬಟ್ಟೆ, ಮರ್ಯಾದೆ ಎಲ್ಲ ಇದೆ. ಇಡೀ ಚಕ್ರವ್ಯೂಹಕ್ಕೆ ಅವಳೇ ಒಡತಿ. ಅವಳ ಹೆಸರೊಂದು ಇಲ್ಲ, ಅಷ್ಟೇ.

ಗುಡಿಯ ಕೆಳಗಿನ ಆ ಗುಹೆಗೆ ದೀಪ ತರೋ ಹಾಗಿಲ್ಲ. ಅವಳು ಗೋಡೆ ಮುಟ್ಟಿ, ತಿರುವು ಎಣಿಸಿ ದಾರಿ ಕಲೀತಾಳೆ. ಒಂದು ದಿನ ಅಲ್ಲಿ ಬೆಳಕು ಕಾಣುತ್ತೆ: ಒಡೆದ ಕಡಗದ ಅರ್ಧ ತುಂಡನ್ನ ಹುಡುಕಿಕೊಂಡು ಗೆಡ್ ಒಳಗೆ ನುಗ್ಗಿದ್ದಾನೆ. ಅಷ್ಟು ವರ್ಷ ಕೈಯಲ್ಲಿ ಮುಟ್ಟಿದ್ದ ಗುಹೆಯನ್ನ ಅವಳು ಮೊದಲ ಸಲ ಕಣ್ಣಲ್ಲಿ ನೋಡೋದು ಆ ಕಳ್ಳನ ಬೆಳಕಲ್ಲಿ. ಅವನನ್ನ ಕೂಡಿ ಹಾಕ್ತಾಳೆ, ಸಾಯಿಸಬೇಕು, ಸಾಯಿಸಲ್ಲ. ಅವನು ಅವಳ ಹೆಸರನ್ನ ಅವಳಿಗೆ ವಾಪಸ್ ಕೊಡ್ತಾನೆ: ಟೆನಾರ್. ನಾವು ಮೂವರಿಗೂ ಇಷ್ಟವಾಗಿದ್ದು ಏನಂದ್ರೆ, ಇಲ್ಲಿ ಅವನು ಬಂದು ಅವಳನ್ನ ಎತ್ತಿಕೊಂಡು ಹೋಗಲ್ಲ. ದಾರಿ ಗೊತ್ತಿರೋದು ಅವಳಿಗೆ. ಕುಸಿಯೋ ಕತ್ತಲನ್ನ ತಡೆಹಿಡಿಯೋ ಶಕ್ತಿ ಇರೋದು ಅವನಿಗೆ. ಒಬ್ಬರೇ ಆದ್ರೆ ಇಬ್ಬರೂ ಅಲ್ಲೇ ಸಾಯ್ತಿದ್ದರು.

ಹೊರಗೆ ಬಂದ ಮೇಲೆ ಟೆನಾರ್ ಕುಣಿಯಲ್ಲ, ಅಳ್ತಾಳೆ. ಬಿಡುಗಡೆ ಕೂಡ ಹೊರಬೇಕಾದ ಭಾರ, ಅದನ್ನ ಅವಳಿಗೆ ಯಾರೂ ಕಲಿಸಿರಲಿಲ್ಲ. ಹಾಗಾದ್ರೆ ಅವಳು ಮುಂದೇನು ಮಾಡಿದಳು? 1972ರಲ್ಲಿ ಮೂರನೇ ಪುಸ್ತಕ ಬಂತು, ಅದು ಗೆಡ್‌ನ ಕಥೆ. ಟೆನಾರ್‌ಗಾಗಿ ನಾಲ್ಕನೇದನ್ನ ಶುರು ಮಾಡಿದ ಲೆ ಗ್ವಿನ್ ಮಧ್ಯದಲ್ಲೇ ನಿಂತುಬಿಟ್ಟರು. ಅವಳು ಹೀಗೆ ಯಾಕೆ ಮಾಡಿದಳು ಅನ್ನೋದು ಬರೆಯೋರಿಗೇ ಅರ್ಥ ಆಗ್ತಿರಲಿಲ್ಲ. ಕೊನೆಗೆ 'ಟೆಹಾನು' ಬಂದಿದ್ದು 1990ರಲ್ಲಿ. ಹದಿನೆಂಟು ವರ್ಷ ಗ್ಯಾಪ್. ನಮ್ಮ ವಯಸ್ಸಿಗಿಂತ ಒಂದು ವರ್ಷ ಕಡಿಮೆ ಅಷ್ಟೇ!

ಆ ಹದಿನೆಂಟು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ಬೇರೆ ಕಾದಂಬರಿ, ಕಥೆ, ಕವನ, ಪ್ರಬಂಧ ಬರೀತಾನೇ ಇದ್ದರು. ಅವರ ಬರವಣಿಗೆ ಜೀವನ ಶುರುವಿನಿಂದಲೂ ಹಾಗೇ. ಹನ್ನೊಂದನೇ ವಯಸ್ಸಿನ ಹೊತ್ತಿಗೆ ಒಂದು ಪತ್ರಿಕೆಗೆ ಕಥೆ ಕಳಿಸಿದ್ದರು, ವಾಪಸ್ ಬಂತು. ಮೊದಲ ಕಾದಂಬರಿ ಅಚ್ಚಾಗಿದ್ದು 1966ರಲ್ಲಿ, ಮೂವತ್ತಾರು ದಾಟಿದ ಮೇಲೆ. ಪೋರ್ಟ್‌ಲೆಂಡ್ ಊರಿನ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ರಾತ್ರಿ ಬರೀತಿದ್ದರು. ಗಂಡ ಚಾರ್ಲ್ಸ್ ಇತಿಹಾಸದ ಮೇಷ್ಟ್ರು. ಒಬ್ಬರಿಂದ ಎರಡು ಫುಲ್‌ಟೈಮ್ ಕೆಲಸ ಆಗಲ್ಲ, ಆದ್ರೆ ಇಬ್ಬರು ಸೇರಿದರೆ ಮೂರು ಮಾಡಬಹುದು: ಅವನ ಕೆಲಸ, ಅವಳ ಬರವಣಿಗೆ, ಮನೆ. ಇದು ಅವರ ಲೆಕ್ಕ. ಚಕ್ರವ್ಯೂಹದಿಂದ ಇಬ್ಬರೂ ಸೇರಿ ಹೊರಬರೋ ಕಥೆ ಇಂಥ ಮನೆಯಿಂದ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ.

ಹೆಸರಿನ ಗಲಾಟೆ ಅವರಿಗೂ ತಪ್ಪಲಿಲ್ಲ. 1969ರಲ್ಲಿ 'ಪ್ಲೇಬಾಯ್' ಪತ್ರಿಕೆ ಅವರ ಒಂದು ಕಥೆ ತಗೊಂಡಿತು. ಹೆಂಗಸಿನ ಹೆಸರು ಕಂಡರೆ ಗಂಡಸು ಓದುಗರು ಹೆದರ್ತಾರೆ, ಇನಿಷಿಯಲ್ ಮಾತ್ರ ಹಾಕೋಣ್ವಾ ಅಂತ ಕೇಳಿತು. ಕಥೆ 'ಯು. ಕೆ. ಲೆ ಗ್ವಿನ್' ಅಂತ ಅಚ್ಚಾಯಿತು. ಅರ್ಹಾಳ ಕಥೆ ಪುಸ್ತಕವಾಗಿ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಅಂತ ನಾವು ಹೇಳಲ್ಲ. ಪಕ್ಕಪಕ್ಕ ಇಟ್ಟು ನೋಡಿ, ಅಷ್ಟೇ.

ಈಗ ಜಗಳಕ್ಕೆ ಬರೋಣ. 'ಟೆಹಾನು'ವಿನಲ್ಲಿ ಟೆನಾರ್ ನಡುವಯಸ್ಸಿನ ವಿಧವೆ. ದೊಡ್ಡ ಮಾಂತ್ರಿಕನೊಬ್ಬ ವಿದ್ಯೆ ಕಲಿಸ್ತೀನಿ ಅಂದರೂ ಬೇಡ ಅಂದು, ರೈತನೊಬ್ಬನನ್ನ ಮದುವೆಯಾಗಿ, ಎರಡು ಮಕ್ಕಳನ್ನ ಬೆಳೆಸಿ, ಕುರಿ, ತೋಟ, ಅಡುಗೆ ನೋಡಿಕೊಂಡಿದ್ದಾಳೆ. ತನ್ನವರೇ ಹೊಡೆದು ಬೆಂಕಿಗೆ ತಳ್ಳಿದ್ದ ಒಂದು ಹುಡುಗಿಯನ್ನ ತಂದು ಸಾಕ್ತಾಳೆ. ಗೆಡ್ ಬರ್ತಾನೆ, ಆದ್ರೆ ಮಂತ್ರಶಕ್ತಿ ಎಲ್ಲ ಕಳೆದುಕೊಂಡು. ನಮ್ಮ ಸಿ.ಎಸ್. ಹುಡುಗಿಗೆ ಉರಿದುಹೋಯಿತು. "ಅಲ್ವೇ, ಅಷ್ಟು ದೊಡ್ಡ ಗುಡಿಯಿಂದ ತಪ್ಪಿಸಿಕೊಂಡು ಬಂದವಳು ಕೊನೆಗೆ ಮುದ್ದೆ ತಿರುವಬೇಕಾ? ಇದಕ್ಕೆ ಹದಿನೆಂಟು ವರ್ಷ ಬೇಕಿತ್ತಾ?" 1990ರಲ್ಲಿ ಹಳೇ ಅಭಿಮಾನಿಗಳಲ್ಲೂ ತುಂಬಾ ಜನಕ್ಕೆ ಸಿಟ್ಟು ಬಂದಿತ್ತು, ಗೆಡ್‌ನಂಥ ಹೀರೋನ ಹೀಗೆ ಮಾಡಿಬಿಟ್ರಲ್ಲಾ ಅಂತ.

ಲೆ ಗ್ವಿನ್ 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ ಇದರ ಬಗ್ಗೆಯೇ ಮಾತಾಡಿದರು. ನಮಗೆ ಅರ್ಥವಾದಷ್ಟು ಹೇಳ್ತೀವಿ. ಮೊದಲ ಪುಸ್ತಕಗಳಲ್ಲಿ ಆ ಲೋಕವನ್ನ ಅವರು ನೋಡಿದ್ದು ಶಕ್ತಿ ಇದ್ದವರ ಕಡೆಯಿಂದ, ಅಂದ್ರೆ ಗಂಡಸರ ಕಡೆಯಿಂದ. ಈ ಸಲ ಅದೇ ಲೋಕವನ್ನ ಶಕ್ತಿ ಇಲ್ಲದವರ ಕಡೆಯಿಂದ ನೋಡಿದರು. ದ್ವೀಪ ಅವೇ, ನಿಯಮ ಅವೇ; ನಿಂತ ಜಾಗ ಬೇರೆ. ಹಳೇ ಪುಸ್ತಕಗಳನ್ನ ತಿದ್ದಲಿಲ್ಲ, ವಾಪಸ್ ತಗೊಳ್ಳಲಿಲ್ಲ. ರೋಕ್ ಶಾಲೆಯಲ್ಲಿ ಹುಡುಗಿಯರು ಯಾಕಿಲ್ಲ ಅನ್ನೋ ಪ್ರಶ್ನೆಯನ್ನ ಆ ಲೋಕದೊಳಗಿನವರೇ ಕೇಳೋ ಹಾಗೆ ಮಾಡಿದರು. ಇ.ಸಿ. ಹುಡುಗಿ ಹೇಳಿದ್ದು: "ಕೋಡ್ ಡಿಲೀಟ್ ಮಾಡಿ ಹೊಸದಾಗಿ ಬರೆಯೋದು ಸುಲಭ. ಇದ್ದ ಕೋಡನ್ನ ಇಟ್ಕೊಂಡೇ ಅದರ ಬಗ್ ಹುಡುಕೋದು ಕಷ್ಟ."

ನಾವು ಗಮನಿಸಿದ ಇನ್ನೊಂದು: ಟೆನಾರ್‌ಳ ಕೆಲಸಗಳನ್ನ ಲೆ ಗ್ವಿನ್ ಎಲ್ಲೂ 'ಬರೀ ಮನೆಗೆಲಸ' ಅಂತ ಹಾರಿಸಿಬಿಡಲ್ಲ. ನೂಲೋದು, ಪಾತ್ರೆ ತೊಳೆಯೋದು, ಸುಟ್ಟ ಮಗುವಿನ ಪಕ್ಕ ರಾತ್ರಿ ಕೂರೋದು, ಎಲ್ಲವನ್ನೂ ಮೊದಲ ಪುಸ್ತಕದಲ್ಲಿ ಡ್ರ್ಯಾಗನ್‌ಗಳಿಗೆ ಕೊಟ್ಟಷ್ಟೇ ಗಮನ ಕೊಟ್ಟು ಬರೀತಾರೆ. ಇಷ್ಟು ಹೇಳಿದ ಮೇಲೂ ಸಿ.ಎಸ್. ಹುಡುಗಿ ಒಪ್ಪಲಿಲ್ಲ. "ಅವಳು ಆರಿಸಿಕೊಂಡಿದ್ದು ಅಂತೀರಿ. ನಮ್ಮಮ್ಮನೂ ಬಿ.ಎಸ್ಸಿ. ಫಸ್ಟ್ ಕ್ಲಾಸ್. ಅವರೂ ಆರಿಸಿಕೊಂಡಿದ್ದೇ ಅಂತ ಎಲ್ಲರೂ ಹೇಳ್ತಾರೆ. ಅಮ್ಮನ್ನ ಮಾತ್ರ ಯಾರೂ ಕೇಳಿಲ್ಲ." ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬಹುಶಃ ಲೆ ಗ್ವಿನ್‌ಗೆ ಅಷ್ಟು ವರ್ಷ ಹಿಡಿದಿದ್ದೂ ಇಂಥದ್ದೇ ಪ್ರಶ್ನೆಗೆ. ಅವರು ಟೆನಾರ್‌ಳನ್ನ ಕೇಳಿದರು, ಅವಳು ಉತ್ತರ ಕೊಡೋವರೆಗೂ ಕಾದರು.

ಈ ಕಾಯೋದರ ಬಗ್ಗೆ ನಮಗೆ ಸ್ವಲ್ಪ ಜಾಸ್ತಿ ಹೇಳೋದಿದೆ. ನಮ್ಮ ಸಿವಿಲ್ ಹುಡುಗಿ ಹೈಸ್ಕೂಲಿನಲ್ಲಿ ಒಂದು ಫ್ಯಾಂಟಸಿ ಕಥೆ ಬರೀತಿದ್ಲು, ಕನ್ನಡದಲ್ಲಿ, ಲಾಂಗ್‌ಬುಕ್ ತುಂಬ. ಸೆಕೆಂಡ್ ಪಿಯುಸಿಯಲ್ಲಿ ಸಿಇಟಿ ಮುಗೀಲಿ ಅಂದ್ರು, ನಿಲ್ಲಿಸಿದ್ಲು. ಈಗ ಪ್ಲೇಸ್‌ಮೆಂಟ್ ಆಗ್ಲಿ ಅಂತಾರೆ. ಆಮೇಲೆ ಏನು ಅಂತಾರೋ ನಿಮಗೂ ಗೊತ್ತು. ಅವಳ ನಾಯಕಿ ಆವಾಗಿನಿಂದ ಒಂದು ಘಾಟಿ ರಸ್ತೆಯ ತಿರುವಿನಲ್ಲಿ ಮಳೆಯಲ್ಲಿ ನಿಂತಿದ್ದಾಳೆ. ಲೆ ಗ್ವಿನ್ ಹದಿನೆಂಟು ವರ್ಷ ಕಾದರಲ್ಲ, ನೀನೂ ಕಾಯಿ ಅಂತ ನಾವು ಸಮಾಧಾನ ಮಾಡೋಕೆ ಹೋದ್ವಿ. ಅವಳೇ ತಿದ್ದಿದ್ಲು: "ಅವರು ಉತ್ತರ ಸಿಗಲಿ ಅಂತ ಕಾದ್ರು. ನಾನು ಪರ್ಮಿಷನ್ ಸಿಗಲಿ ಅಂತ ಕಾಯ್ತಿದೀನಿ."

1988ರ ಒಂದು ಸಂದರ್ಶನದಲ್ಲಿ ಲೆ ಗ್ವಿನ್ ತಮ್ಮ ದಿನಚರಿ ಕೊಟ್ಟಿದ್ದಾರೆ. ಬೆಳಿಗ್ಗೆ 5.30ಕ್ಕೆ ಎಚ್ಚರ, ಮಲಗಿದಲ್ಲೇ ಯೋಚನೆ. 6.15ಕ್ಕೆ ಎದ್ದು ಹೊಟ್ಟೆತುಂಬಾ ತಿಂಡಿ. 7.15ರಿಂದ ಮಧ್ಯಾಹ್ನದವರೆಗೆ ಬರವಣಿಗೆ. ಆಮೇಲೆ ಊಟ, ಓದು, ಸಂಗೀತ, ಪತ್ರಗಳು, ಆದ್ರೆ ಮನೆ ಕ್ಲೀನಿಂಗ್, ಅಡುಗೆ. ರಾತ್ರಿ ಎಂಟಾದ ಮೇಲೆ ತಲೆ ಓಡಲ್ಲ, ಅದರ ಬಗ್ಗೆ ಕೇಳಬೇಡಿ ಅನ್ನೋ ಥರ ಮುಗಿಸ್ತಾರೆ. ಅವರು ಎಂಬತ್ತು ದಾಟಿದಾಗ, ಓದಿದ್ದ ವಿಶ್ವವಿದ್ಯಾಲಯದಿಂದ ಹಳೇ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಬಂತು. ಬಿಡುವಿನ ವೇಳೆಯಲ್ಲಿ ಏನು ಮಾಡ್ತೀರಿ ಅಂತ ಒಂದು ಪ್ರಶ್ನೆ, ಕೆಳಗೆ ಆಪ್ಷನ್ಸ್. ಒಂದು ಕಡೆ ಗಾಲ್ಫ್, ಇನ್ನೊಂದು ಕಡೆ ಬರವಣಿಗೆ! ಅವರಿಗೆ ಕಿರಿಕಿರಿಯಾಯಿತು. ನನಗೆ ಬಿಡುವಿನ ವೇಳೆ ಅಂತ ಇಲ್ಲ, ಇರೋ ವೇಳೆಯೆಲ್ಲ ಬದುಕೋದರಲ್ಲೇ ತುಂಬಿದೆ ಅನ್ನೋ ಅರ್ಥದಲ್ಲಿ ಬರೆದರು. ಬಿಡುವಿಲ್ಲ ಅನ್ನೋ ಅರ್ಥದ ಮಾತೇ 2017ರಲ್ಲಿ ಅವರ ಪ್ರಬಂಧ ಸಂಕಲನದ ಹೆಸರಾಯಿತು. 2018ರ ಜನವರಿಯಲ್ಲಿ, 88ನೇ ವಯಸ್ಸಿನಲ್ಲಿ, ಅದೇ ಪೋರ್ಟ್‌ಲೆಂಡ್‌ನಲ್ಲಿ ತೀರಿಕೊಂಡರು.

ನಮ್ಮ ರೂಮಿನ ಗೋಡೆ ಮೇಲೆ ಇಂಟರ್ನಲ್ಸ್ ಟೈಮ್‌ಟೇಬಲ್ ಪಕ್ಕ ಈಗ ಆ ದಿನಚರಿಯೂ ಅಂಟಿದೆ. 5.30 ನಮ್ಮಿಂದಾಗಲ್ಲ, ಬಿಡಿ. ರಾತ್ರಿ 9.30ರಿಂದ 10 ಅಂತ ಮಾಡ್ಕೊಂಡಿದೀವಿ. ಸಿವಿಲ್ ಹುಡುಗಿ ಬರೀತಾಳೆ, ಉಳಿದಿಬ್ಬರು ಮೊಬೈಲ್ ಮುಟ್ಟದೆ ಕೂತಿರ್ತೀವಿ. ಲ್ಯಾಬ್ ರೆಕಾರ್ಡ್ ಬರೆಯೋ ಸರದಿಯನ್ನೂ ಹಂಚಿಕೊಂಡಿದೀವಿ. (ಲೆಕ್ಚರರ್ಸ್ ಯಾರಾದ್ರೂ ಓದ್ತಿದ್ರೆ, ಡಯಾಗ್ರಾಂಗೆ ಗೆರೆ ಹಾಕಿಕೊಡೋದು ಮಾತ್ರ ಸರ್.) ಘಾಟಿಯಲ್ಲಿ ನಿಂತಿದ್ದ ನಾಯಕಿ ಹೋದ ವಾರ ಎರಡು ತಿರುವು ಇಳಿದಿದ್ದಾಳೆ. ಅವಳಿಗಿನ್ನೂ ಹೆಸರಿಟ್ಟಿಲ್ಲ. ನಾವು ಹತ್ತು ಹೆಸರು ಸೂಚಿಸಿದ್ವಿ, ಒಂದೂ ಒಪ್ಪಿಗೆಯಾಗಿಲ್ಲ.

ಓದೋರಿಗೆ ಒಂದು ಮಾತು. 'ವಿಜರ್ಡ್', 'ಟೂಂಬ್ಸ್', 'ದ ಫಾರ್ದೆಸ್ಟ್ ಶೋರ್', ಆಮೇಲೆ 'ಟೆಹಾನು', ಈ ಕ್ರಮದಲ್ಲೇ ಓದಿ. 'ಟೆಹಾನು' ಮುಖಪುಟದಲ್ಲಿ ಇದೇ ಕೊನೆಯ ಪುಸ್ತಕ ಅಂತ ಇತ್ತಂತೆ, ನಂಬಬೇಡಿ. 2001ರಲ್ಲಿ ಇನ್ನೆರಡು ಬರೆದರು, ಟೆನಾರ್ ಅಲ್ಲೂ ಇದ್ದಾಳೆ. ಮೊದಲ ಮೂರು ತೆಳು ಪುಸ್ತಕಗಳು, ಒಂದೊಂದು ವೀಕೆಂಡಿಗೆ ಒಂದೊಂದು ಮುಗಿಯುತ್ತೆ. 'ಟೆಹಾನು' ಓದಿ ಸಿಟ್ಟು ಬಂದ್ರೆ ನಮ್ಮ ರೂಮಿಗೆ ಬನ್ನಿ. ಸದ್ಯಕ್ಕೆ ಟೆನಾರ್ ಪರ ಎರಡು ಓಟು, ವಿರುದ್ಧ ಒಂದು. ವಿರುದ್ಧ ಇರೋಳು ಹೋದ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಆ ಪ್ರಶ್ನೆ ಕೇಳಿದ್ಲು. ಅಮ್ಮ, "ಯೋಚನೆ ಮಾಡಿ ಹೇಳ್ತೀನಿ ಪುಟ್ಟಿ" ಅಂದಿದ್ದಾರೆ.