ಡ್ವೆಮರ್ ಜನ ಎಲ್ಲಿಗೆ ಹೋದರು?

ಗೆಳೆಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಬರೆಯುತ್ತಿದ್ದೇನೆ. ಆಟ ಅಂದ ಕೂಡಲೇ ಕಾರು ಓಡಿಸುವುದು, ಗುಂಡು ಹಾರಿಸುವುದು ಅಂದುಕೊಳ್ಳಬೇಡಿ. ಇದರಲ್ಲಿ ಕಥೆಯೊಳಗೆ ನಾವೇ ಒಂದು ಪಾತ್ರವಾಗಿ ತಿರುಗಾಡುತ್ತೇವೆ. ಕುರುಕ್ಷೇತ್ರ ನಾಟಕದಲ್ಲಿ ವೇಷ ಕಟ್ಟಿದ ಹಾಗೆ, ಆದರೆ ಮಾತು ಬಾಯಿಪಾಠ ಮಾಡಬೇಕಾಗಿಲ್ಲ. ಆಟದ ಹೆಸರು ಎಲ್ಡರ್ ಸ್ಕ್ರೋಲ್ಸ್. ಅಮೆರಿಕದ ಬೆಥೆಸ್ಡಾ ಎಂಬ ಕಂಪನಿ 1994ರಲ್ಲಿ ಇದರ ಮೊದಲನೇ ಆಟ ಹೊರತಂದಿತು. 2002ರಲ್ಲಿ ಮಾರೋವಿಂಡ್ ಬಂತು, 2011ರಲ್ಲಿ ಸ್ಕೈರಿಮ್ ಬಂತು. ನಮ್ಮ ದೊಡ್ಡಪ್ಪನ ಮಗ ರಜೆಗೆ ಬಂದಾಗ ಇವೆರಡನ್ನೂ ಲ್ಯಾಪ್‌ಟಾಪ್‌ನಲ್ಲಿ ಆಡಿದ. ನಾನು ಪಕ್ಕದಲ್ಲಿ ಕೂತು ನೋಡಿದೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ, ಅವನೇ ಓದಿ ಓದಿ ಕನ್ನಡದಲ್ಲಿ ಹೇಳಿದ.

ಆ ಲೋಕದಲ್ಲಿ ಡ್ವೆಮರ್ ಎಂಬ ಜನಾಂಗ ಇತ್ತು. ಉಳಿದವರು ಅವರನ್ನು ಕುಳ್ಳರು ಎನ್ನುತ್ತಾರೆ. ಅವರೇನೂ ಕುಳ್ಳರಲ್ಲ. ಹಿಂದೆ ದೈತ್ಯರು ಅವರನ್ನು ನೋಡಿ ಹಾಗೆ ಕರೆದರಂತೆ, ಆ ಹೆಸರೇ ನಿಂತುಬಿಟ್ಟಿತು. (ನಮ್ಮೂರ ಅಡ್ಡಹೆಸರುಗಳೂ ಹಂಗೇ ಅಲ್ವಾ.) ಅವರು ನೆಲದ ಕೆಳಗೆ ಕಲ್ಲಿನ ಊರು ಕಟ್ಟಿದ್ದರು. ಹಿತ್ತಾಳೆಯಂಥ ಲೋಹದಲ್ಲಿ ಯಂತ್ರ ಮಾಡಿ ಆವಿಯಿಂದ ಓಡಿಸುತ್ತಿದ್ದರು. ದೇವರಿಗೆ ಕೈ ಮುಗಿಯುವವರಲ್ಲ, ದೇವರು ಅಂದರೆ ಏನು ಅಂತ ಬಿಚ್ಚಿ ನೋಡೋಣ ಅನ್ನುವವರು.

ಅಂಥವರು ಒಂದು ದಿನ ಅಷ್ಟೂ ಜನ ಇಲ್ಲವಾದರು. ಆ ಲೋಕದ ಲೆಕ್ಕದಲ್ಲಿ ಮೊದಲನೇ ಯುಗದ 700ನೇ ವರ್ಷ. ಕೆಂಪು ಬೆಟ್ಟದಲ್ಲಿ ಯುದ್ಧ ನಡೆಯುತ್ತಿತ್ತು. ಯುದ್ಧದಲ್ಲಿ ಇದ್ದವರಷ್ಟೇ ಅಲ್ಲ, ದೂರದ ಸೀಮೆಯಲ್ಲಿ ಇದ್ದವರೂ ಒಂದೇ ಸಲಕ್ಕೆ ಮಾಯ. ಯಂತ್ರಗಳು ಮಾತ್ರ ಸಾವಿರಾರು ವರ್ಷ ಕಳೆದರೂ ಇನ್ನೂ ಓಡುತ್ತಾ ಇವೆ, ಆವಿ ಬುಸ್ ಬುಸ್ ಅನ್ನುತ್ತದೆ. ಯಜಮಾನರಿಲ್ಲದ ಮನೆಯಲ್ಲಿ ಗಾಣ ತಿರುಗಿದ ಹಾಗೆ. ಅದನ್ನು ನೋಡಿ ನನಗೆ ಭಯ ಆಗಲಿಲ್ಲ, ಒಂಥರಾ ಆಯಿತು.

ಏನಾಯಿತು ಅಂತ ಆಟ ನೇರವಾಗಿ ಹೇಳುವುದಿಲ್ಲ. ಆಟದೊಳಗೆ ಪುಸ್ತಕಗಳಿವೆ, ತೆಗೆದು ಓದಬಹುದು. ಆದರೆ ಒಂದು ಪುಸ್ತಕ ಹೇಳಿದ್ದು ಇನ್ನೊಂದಕ್ಕೆ ಸೇರುವುದಿಲ್ಲ. ಸೇರುವ ಭಾಗ ಇಷ್ಟು: ಬೆಟ್ಟದ ಒಳಗೆ ಸತ್ತ ದೇವರೊಬ್ಬನ ಹೃದಯ ಸಿಕ್ಕಿತು. ಕಾಗ್ರೆನಾಕ್ ಎಂಬ ಡ್ವೆಮರ್ ಶಿಲ್ಪಿ ಅದರ ಶಕ್ತಿ ತೆಗೆಯಲು ಒಂದು ಸುತ್ತಿಗೆ, ಒಂದು ಕತ್ತಿ, ಒಂದು ಕೈಗವಸು ಮಾಡಿದ. ಕೈಗವಸು ಇಲ್ಲದೆ ಉಳಿದೆರಡನ್ನು ಮುಟ್ಟಿದವನು ಸಾಯುತ್ತಾನೆ. ಇಲ್ಲಿಂದ ದಾರಿ ಕವಲಾಗುತ್ತದೆ. ವಿವೆಕ್ ಎಂಬ ದೇವಮಾನವ ಬರೆದ ಪ್ರಕಾರ ಕಾಗ್ರೆನಾಕನೇ ಆ ಹೃದಯಕ್ಕೆ ಏಟು ಹಾಕಿದ, ತಕ್ಷಣ ಎಲ್ಲರೂ ಮಾಯವಾದರು. ಬೂದಿ ನಾಡಿನ ಅಲೆಮಾರಿಗಳ ಕಥೆಯಲ್ಲಿ ಶತ್ರುಪಕ್ಷದ ನೆರೆವಾರ್ ಆ ಆಯುಧಗಳನ್ನು ಬಳಸಿದ, ಡ್ವೆಮರ್ ಜನ ರಣರಂಗದಲ್ಲೇ ಧೂಳಾಗಿ ಉದುರಿದರು. ಮಾಯವಾಗುವುದೂ ಧೂಳಾಗುವುದೂ ಒಂದೇ ಅಲ್ಲ. ಯಾರು ಮಾಡಿದರು ಅನ್ನುವುದರಲ್ಲೂ ಹೊಂದಾಣಿಕೆ ಇಲ್ಲ. ನಮ್ಮೂರ ಕೆರೆ ಏರಿಯ ವೀರಗಲ್ಲಿನ ಬಗ್ಗೆ ಮೇಲಿನ ಬೀದಿಯವರು ಒಂದು, ಕೆಳಗಿನ ಬೀದಿಯವರು ಇನ್ನೊಂದು ಹೇಳುತ್ತಾರಲ್ಲ, ಹಾಗೆ.

ಮಾರೋವಿಂಡ್‌ನಲ್ಲಿ ಮಂತ್ರವಾದಿಗಳ ಸಂಘದ ದೊಡ್ಡ ಯಜಮಾನ ಒಬ್ಬ ಇದ್ದಾನೆ. ಅಂಗಡಿಗೆ ಹೋಗಿ ಉಪ್ಪು ತಗೊಂಡು ಬಾ ಅಂದ ಹಾಗೆ, ಡ್ವೆಮರ್ ಯಾಕೆ ಮಾಯವಾದರು ತಿಳ್ಕೊಂಡು ಬಾ ಅಂತಾನೆ! ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಆದರೆ ಯಾಗ್ರಮ್ ಬಗಾರ್ನ್ ಸಿಕ್ಕಾಗ ನನಗೆ ನಗು ಬರಲಿಲ್ಲ. ಅವನು ಉಳಿದ ಒಬ್ಬನೇ ಡ್ವೆಮರ್. ರೋಗಿಗಳನ್ನು ಇಟ್ಟ ಒಂದು ನೆಲಮಾಳಿಗೆಯಲ್ಲಿ ಇದ್ದಾನೆ. ಮೈ ಊದಿಕೊಂಡು ನಡೆಯಲು ಆಗದೆ, ಜೇಡನ ಕಾಲಿನಂಥ ಯಂತ್ರದ ಮೇಲೆ ಕೂತಿದ್ದಾನೆ. ಆ ದಿನ ಅವನು ಬೇರೊಂದು ಲೋಕಕ್ಕೆ ಹೋಗಿದ್ದ. ವಾಪಸ್ ಬಂದು ನೋಡಿದರೆ ಯಾರೂ ಇಲ್ಲ. ವರ್ಷಗಟ್ಟಲೆ ತನ್ನವರನ್ನು ಹುಡುಕಿ ಅಲೆದ. ಅವನು ಕಾಗ್ರೆನಾಕನ ಕೈಕೆಳಗೆ ಕೆಲಸ ಮಾಡಿದವನು, ಅವನ ಬರಹ ಓದಿ ಏನು ಮಾಡಲು ಹೊರಟಿದ್ದ ಅಂತ ಹೇಳಬಲ್ಲ. ಆ ದಿನ ಏನಾಯಿತು ಅಂತ ಮಾತ್ರ ಅವನಿಗೂ ಗೊತ್ತಿಲ್ಲ.

ಹೋದ ವರ್ಷ ನನ್ನ ಪಕ್ಕ ಕೂರುತ್ತಿದ್ದವನು ನಿಮಗೆಲ್ಲ ನೆನಪಿದ್ದಾನೆ. ದಸರಾ ರಜೆಗೆ ನಾನು ಅಜ್ಜಿ ಊರಿಗೆ ಹೋಗಿ ಬರುವಷ್ಟರಲ್ಲಿ ಅವರ ಮನೆಗೆ ಬೀಗ ಬಿದ್ದಿತ್ತು. ಕಾಫಿ ತೋಟಕ್ಕೆ ಹೋದರು ಅಂತ ಒಬ್ಬರು, ಸಾಲ ಆಗಿತ್ತು ಅಂತ ಒಬ್ಬರು, ಬೆಂಗಳೂರಲ್ಲಿ ಕಟ್ಟಡದ ಕೆಲಸ ಅಂತ ಇನ್ನೊಬ್ಬರು. ಟಿ.ಸಿ. ಕೂಡ ತಗೊಂಡು ಹೋಗಿಲ್ಲ. ಹಾಜರಿಯಲ್ಲಿ ಅವನ ಹೆಸರು ಎಷ್ಟೋ ದಿನ ಕೂಗುತ್ತಿದ್ದರು. ಅವನ ಕಂಪಾಸು ಡಬ್ಬಿ ನನ್ನ ಹತ್ತಿರ ಇದೆ. ಯಾಗ್ರಮ್ ಮಾತು ಮುಗಿದ ಮೇಲೆ, ಇನ್ನೊಂದು ಸಲ ಅವನನ್ನ ಮಾತಾಡಿಸು ಅಂತ ಅಣ್ಣನಿಗೆ ಹೇಳಿದೆ. ಯಾಕೆ ಅಂತ ಅವನು ಕೇಳಲಿಲ್ಲ.

ಅಣ್ಣನ ವಾದ ಏನೆಂದರೆ, ಆಟ ಮಾಡಿದವರಿಗೇ ಉತ್ತರ ಗೊತ್ತಿಲ್ಲ, ಸೋಮಾರಿಗಳು. ನಾನು ಒಪ್ಪುವುದಿಲ್ಲ. ಸೋಮಾರಿಗಳಾದರೆ ಒಂದೇ ಪುಸ್ತಕ ಬರೆದು ಸುಮ್ಮನಾಗುತ್ತಿದ್ದರು, ಜಗಳವಾಡುವ ಎರಡು ಪುಸ್ತಕ ಯಾರು ಬರೀತಾರೆ? ಆಡುವವರು ಇಪ್ಪತ್ತು ವರ್ಷಕ್ಕೂ ಮೇಲೆ ಇದನ್ನೇ ಚರ್ಚೆ ಮಾಡುತ್ತಿದ್ದಾರಂತೆ. ಕೆಲವರು ಸತ್ತರು ಅಂತಾರೆ. ಕೆಲವರು ಬೇರೆ ಲೋಕಕ್ಕೆ ಹೋದರು ಅಂತಾರೆ. ಅವರು ಕಟ್ಟಿದ ನುಮಿಡಿಯಮ್ ಎಂಬ ಹಿತ್ತಾಳೆ ದೈತ್ಯನ ಮೈಯಲ್ಲಿ ಸೇರಿಹೋದರು ಅಂತ ಹೇಳುವವರೂ ಬಹಳ.

ನನ್ನ ಊಹೆಗೆ ಸ್ಕೈರಿಮ್‌ನಲ್ಲಿ ಒಂದು ಸಾಕ್ಷಿ ಇದೆ. ಆರ್ನಿಯಲ್ ಗೇನ್ ಎಂಬ ಮಂತ್ರವಿದ್ಯೆಯ ಮೇಷ್ಟ್ರು ಅದೇ ಕತ್ತಿಯನ್ನು ತರಿಸಿಕೊಂಡು, ಕಾಗ್ರೆನಾಕ ಮಾಡಿದ್ದನ್ನು ತಾನೂ ಸಣ್ಣದಾಗಿ ಮಾಡಿ ನೋಡುತ್ತಾನೆ. ಹೃದಯದ ಬದಲು ಒಂದು ಮಾಂತ್ರಿಕ ಹರಳು. ಹೊಡೆಯುತ್ತಾನೆ, ಹೊಡೆಯುತ್ತಾನೆ, ಫಳ್ ಅಂತ ಬೆಳಕು, ಅವನಿಲ್ಲ. ಕತ್ತಿ ಮಾತ್ರ ಬಿದ್ದಿದೆ. ಆಮೇಲೆ ಆಡುವವನು ಮಂತ್ರ ಹಾಕಿದರೆ ಅವನ ನೆರಳು ಬಂದು ನಿಲ್ಲುತ್ತದೆ! ಹಾಗಾದರೆ ಆ ದಾರಿಯಲ್ಲಿ ಹೋದವರು ಪೂರ್ತಿ ಇಲ್ಲವಾಗಿಲ್ಲ, ಎಲ್ಲೋ ಇದ್ದಾರೆ. ಕರೆಯುವ ಮಂತ್ರ ಯಾಗ್ರಮ್‌ಗೆ ಗೊತ್ತಿರಲಿಲ್ಲ ಅಷ್ಟೆ. ಅಣ್ಣ ಇದಕ್ಕೆ, ನೆರಳು ಬಂದರೆ ಮನುಷ್ಯ ಬಂದ ಹಾಗಾಯ್ತೇನೋ ಅಂದ. ಅದಕ್ಕೆ ನಾನು ಇನ್ನೂ ಉತ್ತರ ಯೋಚಿಸುತ್ತಿದ್ದೇನೆ.

ನಿಮಗೆ ಬೇರೆ ಊಹೆ ಇದ್ದರೆ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ, ಅದರಲ್ಲಿ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಮಳೆ ಎರಚಲಿಗೆ ಶಾಯಿ ಹರಡುತ್ತೆ. ನನ್ನ ಪಕ್ಕ ಕೂರುತ್ತಿದ್ದವನ ಸುದ್ದಿ ಯಾರಿಗಾದರೂ ಗೊತ್ತಿದ್ದರೆ ಅದನ್ನು ಹಾಳೆಯಲ್ಲಿ ಬರೆಯಬೇಡಿ, ನನಗೆ ಬಂದು ಹೇಳಿ.