ಡಬ್ಬಿಯೊಳಗಿನ ಬಲ್ಬು

ಗಜೇಂದ್ರಗಡದಾಗ ನಮ್ಮ ಕಾಕಾನದೊಂದು ಮೈಕ್‌ಸೆಟ್ ಅಂಗಡಿ ಇತ್ತು. ಮದುವಿ, ಎಲೆಕ್ಷನ್ನು, ಕಾಲಕಾಲೇಶ್ವರನ ಜಾತ್ರಿ, ಹಳ್ಳಿ ನಾಟಕ ಎಲ್ಲಕ್ಕೂ ಅವನ ಮೈಕೇ ಬೇಕು. ನಲವತ್ತು ವರ್ಷದಾಗ ಒಮ್ಮೆಯೂ ನಾಟಕದ ನಡುವೆ ಅವನ ಮೈಕು ನಿಂತಿರಲಿಲ್ಲ. ಆ ಹೆಸರನ್ನು ಒಂದೇ ರಾತ್ರಿಯಲ್ಲಿ ಕೆಡಿಸಿದವನು ನಾನು. ಅದನ್ನೇ ಇಲ್ಲಿ ಬರೀತಿದ್ದೇನೆ.

ನರಗುಂದದ ಟಾಕೀಜೊಂದು ಮುಚ್ಚಿದಾಗ ಪರದೆ ಹಿಂದಿದ್ದ ಎರಡು ದೊಡ್ಡ ಪೆಟ್ಟಿಗೆಗಳನ್ನ ಕಾಕಾ ಕೊಂಡು, ಟೆಂಪೋದಾಗ ಹಾಕ್ಕೊಂಡು ರೋಣದ ಮ್ಯಾಲೆ ಹಾಯ್ದು ಊರಿಗೆ ತಂದಿದ್ದ. ಕೆಳಗೆ ಅಗಲವಾದ ವೂಫರ್, ಮೇಲೆ ಕಬ್ಬಿಣದ ಹಾರ್ನ್. ನಾಟಕಕ್ಕೆ ಅವನು ಒಯ್ಯುತ್ತಿದ್ದದ್ದು ಇವನ್ನೇ. ಇತ್ತೀಚೆಗೆ ಮಾತು ಯಾಕೋ ಗಂಟಲೊಳಗೇ ಉಳಿದಂಗ ಕೇಳ್ತಿತ್ತು. ಡಿಪ್ಲೊಮಾ ಓದಿದ ಹುಡುಗ ನಾನು. "ಕಾಕಾ, ಕ್ರಾಸ್‌ಓವರ್ ಹೋಗೇತಿ, ನಾ ಹೊಸಾದು ಮಾಡಿಕೊಡ್ತೀನಿ" ಅಂದೆ. "ಮಾಡು. ಬರೋ ನಾಟಕ ಆತಂದ್ರ ನಾ ಈ ಕೆಲಸ ಬಿಡಾಂವ. ಆಮ್ಯಾಲೆ ಪೆಟ್ಟಿಗಿ ನಿನ್ನವ" ಅಂದ.

ಕ್ರಾಸ್‌ಓವರ್ ಅಂದರೆ ಮಲಪ್ರಭಾ ಕಾಲುವೆಯ ಗೇಟು ಇದ್ದಂಗ. ನೀರು ಒಂದೇ, ಯಾವ ಹೊಲಕ್ಕೆ ಎಷ್ಟು ಅಂತ ಗೇಟು ಹಂಚತೈತಿ. ಆಂಪ್ಲಿಫೈಯರಿನಿಂದ ಬಂದ ದನಿಯಲ್ಲಿ ದಪ್ಪನೆಯದು ಕಾಯಿಲ್ ದಾಟಿ ವೂಫರಿಗೆ ಹೋಗಬೇಕು. ಸಣ್ಣನೆಯದು ಕೆಪಾಸಿಟರ್ ದಾಟಿ ಹಾರ್ನಿಗೆ ಹೋಗಬೇಕು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಹುಡುಗ ಇದ್ದಾಗ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ, ಗುರುವನ್ನ ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟರಲ್ಲ, ಆ ಕಾಲದ ಗ್ರಾಮಫೋನಿಗೆ ಈ ಹಂಚಿಕೆಯ ಗೊಡವೆಯೇ ಇರಲಿಲ್ಲ. ಒಂದೇ ಡಯಾಫ್ರಮ್, ಒಂದೇ ಕಹಳೆ. ಸಿನಿಮಾ ಮಾತಾಡಲು ಶುರುಮಾಡಿ, ದೊಡ್ಡ ಥಿಯೇಟರ್ ತುಂಬಿಸೋ ದನಿ ಬೇಕಾದಾಗ ಕೆಲಸ ಎರಡು ಪಾಲಾಯಿತು. 1945ರಲ್ಲಿ ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ ತಂದ 'ವಾಯ್ಸ್ ಆಫ್ ದ ಥಿಯೇಟರ್' ಪೆಟ್ಟಿಗೆಗಳು ಇದೇ ಜಾತಿಯವು. ನಮ್ಮ ಕಡೆ ಟಾಕೀಜಿನ ಪೆಟ್ಟಿಗೆಗಳೂ ಅದೇ ವಂಶದವು ಅನ್ನಬಹುದು.

ಹಿಂದಿನ ಹಲಗೆ ಬಿಚ್ಚಿದೆ. ಒಳಗೆ ಧೂಳು, ಜೇಡರ ಬಲೆ, ನಡುವೆ ಒಂದು ತಗಡಿನ ಡಬ್ಬಿ. ಕಾಯಿಲ್ ಅಳೆದೆ, ಗಟ್ಟಿ ಇತ್ತು. ಕೆಪಾಸಿಟರ್ ಮೇಲೆ 10 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಮೀಟರಿನಲ್ಲಿ 6 ತೋರಿಸಿತು. ಒಳಗಿನ ದ್ರವ ಒಣಗಿತ್ತು. ಲೆಕ್ಕ ಸರಳ. 8 ಓಮಿನ ಹಾರ್ನಿಗೆ 10 ಇದ್ದರೆ ಹಾರ್ನಿನ ಪಾಳಿ ಸುಮಾರು 2,000 ಹರ್ಟ್ಜ್‌ನಿಂದ ಶುರು. 6 ಆದರೆ 3,300 ದಾಟಿದ ಮ್ಯಾಲೆ. ವೂಫರು ಕೈಬಿಟ್ಟಾಯಿತು, ಹಾರ್ನು ಇನ್ನೂ ಕೈ ಚಾಚಿಲ್ಲ. ಮಾತು ಸ್ಪಷ್ಟ ಆಗೋದು ಬಹಳ ಮಟ್ಟಿಗೆ ಆ ನಡುವಿನ ಜಾಗದಲ್ಲೇ. ಗಂಟಲೊಳಗ ಉಳೀತಿದ್ದ ಮಾತು ಇದೇ.

ಕೆಪಾಸಿಟರಿನ ಪಕ್ಕದಲ್ಲಿ ಇನ್ನೊಂದು ವಸ್ತು ಇತ್ತು. ಟ್ರ್ಯಾಕ್ಟರಿನ ಬ್ರೇಕ್ ಲೈಟಿನ ಬಲ್ಬು, 12 ವೋಲ್ಟು, 21 ವ್ಯಾಟು. ಹಾರ್ನಿಗೆ ಹೋಗೋ ವೈರಿನ ನಡುವೆ ಬೆಸುಗೆ ಹಾಕಿ ಕೂರಿಸಿದ್ದರು. ನನಗೆ ನಗು ಬಂತು. ಹಗಲೂ ಕತ್ತಲಿರೋ ಡಬ್ಬಿಯೊಳಗ ದೀಪ ಯಾರಿಗೆ? ಎರಡೂ ಪೆಟ್ಟಿಗೆಯ ಬಲ್ಬು ಕಿತ್ತು ಡಬ್ಬಕ್ಕೆ ಹಾಕಿ ವೈರು ನೇರ ಜೋಡಿಸಿದೆ. ಬೆಂಗಳೂರಿನಿಂದ ತರಿಸಿದ ಒಳ್ಳೆ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದೆ. ಮನೆಯಾಗ ಭೀಮಸೇನರ ಒಂದು ಅಭಂಗ ಹಚ್ಚಿದರೆ ತಾಳದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಸ್ವಲ್ಪ ಚುಚ್ಚಿದಂಗ ಆಗ್ತಿತ್ತು ನಿಜ. ಹೊಸಾದು ಹಂಗೇ ಇರತೈತಿ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಕಾಕಾ ತಲೆ ಆಡಿಸಿದ. ಅವನಿಗೀಗ ಕಿವಿ ಅಷ್ಟಕ್ಕಷ್ಟೇ.

ನಾಟಕ ಇದ್ದದ್ದು ರೋಣ ತಾಲೂಕಿನ ಒಂದು ಹಳ್ಳಿಯಾಗ. ರಾತ್ರಿ ಹನ್ನೊಂದೂವರೆ. ನಾಯಕ ಮೈಕು ಹಿಡಿದು ಮಾತಾಡ್ತಾ ಪೆಟ್ಟಿಗೆಯ ಮುಂದೆ ಬಂದ. ಕುಂಯ್ ಅಂತ ಕೂಗು ಎದ್ದಿತು. ನಾನು ವಾಲ್ಯೂಮ್ ಇಳಿಸೋದರೊಳಗ ಎರಡೋ ಮೂರೋ ಸೆಕೆಂಡು ಆಗಿರಬೇಕು. ಕೂಗು ನಿಂತಿತು, ಜೊತೆಗೆ ಎರಡೂ ಹಾರ್ನು ನಿಂತವು. ವೂಫರಿನಿಂದ ಬರೀ ಗೊಣಗಾಟ. ಜನ ಶಿಳ್ಳೆ ಹಾಕಿದರು. ಕಾಕಾ ಏನೂ ಮಾತಾಡದೆ ಟೆಂಪೋ ಹತ್ತಿ, ಹಳೇ ತಗಡಿನ ಹಾರ್ನ್ ಒಂದನ್ನ ಇಳಿಸಿ ಕಂಬಕ್ಕೆ ಕಟ್ಟಿದ. ನಾಟಕ ಮುಂದುವರೀತು. ನಾನು ಬೆಳತನ ತಲೆ ಎತ್ತಲಿಲ್ಲ.

ಮುಂಜಾನೆ ರೋಣದ ಬಸ್‌ಸ್ಟ್ಯಾಂಡಿನಾಗ ಚಾ ಕುಡಿಯುವಾಗ ಕೇಳಿದ. "ಬಲ್ಬ್ ಎಲ್ಲಿ?"

"ಯಾವ ಬಲ್ಬ್?" ಅಂದೆ, ಗೊತ್ತಿದ್ದೂ.

"ನಾ ಇಟ್ಟಿದ್ನೆಲ್ಲೋ ತಮ್ಮಾ. ಮೊದಲ ವರ್ಷ ಹಿಂಗೇ ಸುಟ್ಟಿತ್ತು. ಹುಬ್ಬಳ್ಳಿಯಾಗ ಒಬ್ಬ ಮಿಸ್ತ್ರಿ ಹೇಳಿಕೊಟ್ಟ. ದನಿ ಅಳತಿ ಮೀರಿದ್ರ ಬಲ್ಬ್ ಉರಿಬೇಕು, ಹಾರ್ನ್ ಅಲ್ಲ."

ಊರಿಗೆ ಬಂದು ಡಬ್ಬದಿಂದ ಬಲ್ಬು ಹುಡುಕಿ ಅಳೆದೆ. ತಣ್ಣಗಿದ್ದಾಗ ಒಂದು ಓಮೂ ಇಲ್ಲ, ಇದ್ದೂ ಇಲ್ಲದಂಗ. ಪೂರ್ತಿ ಉರಿದಾಗ ಸುಮಾರು 7 ಓಮ್. ಅಂದರೆ ದನಿ ಮೀರಿದ ಗಳಿಗೆಯಲ್ಲಿ ಹಾರ್ನಿಗೆ ಹೋಗೋ ಶಕ್ತಿ ಮೂರನೇ ಒಂದು ಪಾಲಿಗಿಂತ ಕೆಳಗಿಳೀತದ. ಕೂದಲೆಳೆಯಂಥ ತಂತಿ ಸುತ್ತಿದ ಡಯಾಫ್ರಮ್ ಉಳಕೊಳ್ತದ. ಅಮೆರಿಕದ ಪೀವಿಯಂಥ ಕಂಪನಿಗಳೂ ವೇದಿಕೆ ಸ್ಪೀಕರಿನ ಕ್ರಾಸ್‌ಓವರಿನಾಗ ಇದೇ ಉಪಾಯಕ್ಕೆ ಬಲ್ಬು ಇಟ್ಟಿದ್ದು ಆಮೇಲೆ ಓದಿದೆ. ನಾನು ಓದಿದ ಪುಸ್ತಕದಾಗ ಇರಲಿಲ್ಲ ಅಂತ ಅದನ್ನ ತಮಾಷೆ ಅಂದುಕೊಂಡಿದ್ದೆ. ಕಾಕಾ ಅಲ್ಲೇ ಎದುರಿಗೆ ಕೂತಿದ್ದ. ಇದು ಯಾಕ ಐತಿ ಅಂತ ಒಂದು ಮಾತು ಕೇಳಿದ್ದರೆ ಆಗ್ತಿತ್ತು.

ಹುಬ್ಬಳ್ಳಿಯಿಂದ ಎರಡು ಡಯಾಫ್ರಮ್ ತಂದು ಹಾಕಿದೆ. ಕೆಪಾಸಿಟರ್ ಹೊಸಾದೇ ಉಳಿಸಿದೆ, ಅದು ನಿಜವಾಗಿ ಸತ್ತಿತ್ತು. ಬಲ್ಬುಗಳನ್ನು ಮೊದಲಿನ ಜಾಗದಲ್ಲೇ ಬೆಸೆದೆ. ವಿಚಿತ್ರ ಅಂದರೆ ಆ ಚುಚ್ಚುವ ದನಿಯೂ ತಗ್ಗಿತು. ಹಳೇ ಕೆಪಾಸಿಟರಿಗೆ ತನ್ನದೇ ಒಂದಿಷ್ಟು ರೋಧ ಇರತೈತಿ, ಹೊಸಾದಕ್ಕೆ ಇಲ್ಲ. ತಣ್ಣಗಿನ ಬಲ್ಬಿನ ಅರ್ಧಮುಕ್ಕಾಲು ಓಮು ಆ ಕೊರತೆಯನ್ನೂ ತುಂಬಿತ್ತು.

ಹಲಗೆ ಮುಚ್ಚೋ ಮೊದಲು ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿದೆ: "ಈ ಬಲ್ಬು ತೆಗೀಬ್ಯಾಡ್ರಿ. ಹಾರ್ನ್ ಸುಡ್ತೈತಿ." ಕಾಕಾ ಕನ್ನಡಕ ಏರಿಸಿ ಓದಿದ.

"ಕೆಳಗ ನಿನ್ನ ಹೆಸರೂ ಬರಿ. ಸುಟ್ಟಾಂವ ಯಾರಂತ ಮುಂದಿನವರಿಗೆ ಗೊತ್ತಾಗ್ಲಿ" ಅಂದ.

ಬರೆದೆ.