ಹೆಸರಿಲ್ಲದ ಸೂಜಿ

ನಿಮ್ಮ ಮಗೂಗೆ ಯಾವ ಮದ್ದು ಆಗಿಬರಲ್ಲ ಅಂತ ನಮ್ಮ ಕೇರಿಯಲ್ಲಿ ಕೇಳಿ ನೋಡಿ. ‘ಅದೇ, ಕೆಂಪು ಔಸ್ದಿ’ ಅಂತಾರೆ. ‘ಹಳದಿ ಗುಳಿಗೆ’ ಅಂತಾರೆ. ಹೆಸರು ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಕೊಟ್ಟವರು ಹೇಳಲಿಲ್ಲ, ಬರೆದೂ ಕೊಡಲಿಲ್ಲ.

ನಮ್ಮಕ್ಕನ ಮಗನಿಗೆ ಆಗ ನಾಲ್ಕು ವರ್ಷ. ಸೂಜಿ ಚುಚ್ಚಿದ ಹತ್ತು ನಿಮಿಷಕ್ಕೆ ಮೈಯೆಲ್ಲ ಗಂದೆ ಎದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡಿತು. ಹುಡುಗ ಹೆಂಗೋ ಉಳಿದ. ಅದು ಯಾವ ಸೂಜಿ ಸಾಮಿ ಅಂತ ಅಕ್ಕ ಕೇಳಿದಳು. ‘ತಿಳ್ಕೊಂಡು ನೀನೇನು ಡಾಕ್ಟರಾಗಬೇಕಾ?’ ಅಂದರು.

ಆ ಹುಡುಗನ ಪ್ರಾಣ ಇರುವುದು ಆ ಹೆಸರಿನಲ್ಲೇ. ಹಿಂದೊಮ್ಮೆ ಮೈ ತಿರುಗಿಬಿದ್ದ ಮದ್ದನ್ನೇ ಮತ್ತೆ ಕೊಡುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಕಟ್ಟಿದ್ದು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಕುದುರೆಯ ಸೀರಂ ಚುಚ್ಚಿಸಿಕೊಂಡ ಮಕ್ಕಳ ಮೈ ಎರಡನೇ ಸಲಕ್ಕೆ ಬೇಗ ಕೆರಳುವುದನ್ನು ಆತ ಕಂಡಿದ್ದ. ನೂರು ವರ್ಷ ದಾಟಿದ ಈ ತಿಳಿವಳಿಕೆ ನಮ್ಮ ಚೀಟಿಗೆ ಇನ್ನೂ ಇಳಿದಿಲ್ಲ.

ಮತ್ತೆ ಮತ್ತೆ ಕೊಟ್ಟರೂ ಅಪಾಯ ಹೆಚ್ಚುತ್ತೆ. ಬಾಯಿಗೆ ಹಾಕುವುದಕ್ಕಿಂತ ಸೂಜಿಯಲ್ಲಿ ಇನ್ನೂ ಹೆಚ್ಚು. ಬರೀ ನೆಗಡಿಗೂ ಸೂಜಿ ಹಾಕಿಸಿಕೊಳ್ಳೋರು ಯಾರ ಮಕ್ಕಳು? ನಾಳೆ ಕೂಲಿ ತಪ್ಪಿದರೆ ಒಲೆ ಹತ್ತದವರ ಮಕ್ಕಳು. ಉಬ್ಬಸ ಇರೋ ಮಗುವಾದರಂತೂ ಅಲರ್ಜಿ ಎದ್ದಾಗ ಜೀವಕ್ಕೇ ಬರಬಹುದು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ವೈರಸ್ ಜ್ವರದಲ್ಲಿ ಅಮಾಕ್ಸಿಸಿಲಿನ್ ಕುಡಿಸಿದಾಗ ಏಳುವ ಎಷ್ಟೋ ದದ್ದು ಜ್ವರದ್ದು, ಮದ್ದಿನದಲ್ಲ. ಪೆನಿಸಿಲಿನ್ ಆಗಲ್ಲ ಅಂತ ಹಣೆಪಟ್ಟಿ ಹೊತ್ತ ಮಕ್ಕಳನ್ನು ಸರಿಯಾಗಿ ಪರೀಕ್ಷಿಸಿದರೆ 100ಕ್ಕೆ 90ಕ್ಕೂ ಹೆಚ್ಚು ಮಕ್ಕಳಿಗೆ ಅದು ಆಗಿಬರುತ್ತೆ. ಉಳ್ಳವರು ಪೆನಿಸಿಲಿನ್ ಬದಲು ದುಬಾರಿ ಮದ್ದು ಕೊಂಡಾರು. ಆದರೆ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಡುವ ರೋಗ ಹೆಚ್ಚಾಗಿ ಇಕ್ಕಟ್ಟು ಮನೆಗಳ ಮಕ್ಕಳದು. ಅದು ಮರುಕಳಿಸದಿರಲು ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಸೂಜಿ ವರ್ಷಗಟ್ಟಲೆ ಬೇಕು. ಸುಳ್ಳು ಹಣೆಪಟ್ಟಿ ಅದನ್ನೂ ಕಿತ್ತುಕೊಳ್ಳುತ್ತೆ.

ಅದಕ್ಕೇ ಹೇಳೋದು. ಮದ್ದಿನ ಹೆಸರು, ತಾರೀಕು, ಕೊಟ್ಟ ಎಷ್ಟು ಹೊತ್ತಿಗೆ ಏನಾಯ್ತು, ಇಷ್ಟನ್ನು ಬರೆದುಕೊಡಿ ಅಂತ ನಿಂತು ಕೇಳ್ರಪ್ಪಾ. ನಿಮಗೆ ಓದಕ್ಕೆ ಬರದಿದ್ರೂ ಚಿಂತೆಯಿಲ್ಲ, ಮುಂದಿನ ಆಸ್ಪತ್ರೇಲಿ ಓದೋರು ಇರ್ತಾರೆ.